ತಾಲ್ಲೂಕು ಆಸ್ಪತ್ರೆಯ ಸ್ನೇಹ ಕ್ಲಿನಿಕ್: ಒಬ್ಬ ಟೈಲರ್ ಅನಿಸಿಕೆ

ನಾನು ಹೆಣ್ಣುಮಕ್ಕಳ ಬಟ್ಟೆ ಹೊಲಿಯುವವಳು. ಬಯಲುಸೀಮೆಯ ಒಂದು ತಾಲ್ಲೂಕು ಊರಿನಲ್ಲಿ, ಬಸ್ ಸ್ಟ್ಯಾಂಡ್ ಹಿಂದಿನ ಓಣಿಯಲ್ಲಿ ಅಂಗಡಿ. ವರ್ಷವೆಲ್ಲ ಬ್ಲೌಸು, ಚೂಡಿದಾರ. ಜೂನ್ ಬಂತೆಂದರೆ ಹೈಸ್ಕೂಲು ಹುಡುಗಿಯರ ಯೂನಿಫಾರ್ಮು. ಅಳತೆ ಕೊಡಲು ನಿಂತ ಹುಡುಗಿಯರು ಮನೆಯಲ್ಲಿ ಯಾರಿಗೂ ಹೇಳದ್ದನ್ನು ನನ್ನ ಹತ್ತಿರ ಹೇಳುತ್ತಾರೆ. "ಆಂಟಿ, ಒಂದು ಕಡೆ ದೊಡ್ಡದಾಗಿ ಕಾಣ್ತದೆ, ಗೊತ್ತಾಗದ ಹಾಗೆ ಹೊಲೀರಿ." "ವೇಸ್ಟ್‌ಕೋಟು ಸ್ವಲ್ಪ ಲೂಸಾಗಿರಲಿ ಆಂಟಿ." "ಮುಟ್ಟಿದರೆ ನೋಯ್ತದೆ, ಟೇಪು ಬಿಗಿ ಹಿಡೀಬೇಡಿ." ಲೈನಿಂಗ್ ದಪ್ಪ ಹಾಕುತ್ತೇನೆ, ಡಾಟ್ ಒಂದು ಬದಿ ಸ್ವಲ್ಪ ಬದಲಿಸಿ ಕೊಡುತ್ತೇನೆ. ಬಟ್ಟೆಯಿಂದ ಆಗುವುದು ಅಷ್ಟೇ. ಅದರ ಹಿಂದಿರುವ ಹೆದರಿಕೆಗೆ ಎಲ್ಲಿ ಹೋಗಬೇಕು ಎಂದು ಕೇಳಿದವರಿಗೆ ಈಗ ನಾನು ಹೇಳುವ ಜಾಗ ಒಂದೇ, ನಮ್ಮ ಸರ್ಕಾರಿ ಆಸ್ಪತ್ರೆಯ ಸ್ನೇಹ ಕ್ಲಿನಿಕ್. ಅದರ ಬಗ್ಗೆ ಬರೆದವರು ಕಡಿಮೆ, ಹಾಗಾಗಿ ನಾನೇ ಬರೆಯುತ್ತಿದ್ದೇನೆ. ಊರಿನ ಹೆಸರು ಹಾಕುತ್ತಿಲ್ಲ. ಸಣ್ಣ ಊರು, ಹಾಕಿದರೆ ಮಕ್ಕಳ ಗುರುತು ಸಿಕ್ಕಿಬಿಡುತ್ತದೆ.

ಮೊದಲು ಇದೇನು ಅಂತ ಹೇಳಿಬಿಡುತ್ತೇನೆ. 2014ರ ಜನವರಿಯಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ ಎಂದು ಒಂದು ಯೋಜನೆ ಶುರು ಮಾಡಿತು. 10ರಿಂದ 19 ವರ್ಷದ ಹುಡುಗ ಹುಡುಗಿಯರಿಗೆಂದೇ ಆಸ್ಪತ್ರೆಗಳಲ್ಲಿ ಬೇರೆ ಜಾಗ, ಬೇರೆ ಕೌನ್ಸೆಲರ್ ಇರಬೇಕು ಎನ್ನುವುದು ಅದರ ಒಂದು ಭಾಗ. ನಮ್ಮ ಕರ್ನಾಟಕದಲ್ಲಿ ಅದಕ್ಕೆ ಸ್ನೇಹ ಕ್ಲಿನಿಕ್ ಎನ್ನುತ್ತಾರೆ. ಮುಟ್ಟಿನ ತೊಂದರೆ, ರಕ್ತಹೀನತೆ, ಮೊಡವೆ, ಮನಸ್ಸಿನ ಬೇಸರ, ಕುಡಿತ ತಂಬಾಕಿನ ಚಟ, ಮೈಯಲ್ಲಾಗುವ ಬದಲಾವಣೆ, ಯಾವುದಕ್ಕಾದರೂ ಹೋಗಬಹುದು. ಶಾಲೆಯಲ್ಲಿ ವಾರಕ್ಕೊಂದು ನೀಲಿ ಕಬ್ಬಿಣಾಂಶದ ಮಾತ್ರೆ ನುಂಗಿಸುತ್ತಾರಲ್ಲ, ಅದೂ ಇದೇ ವಯಸ್ಸಿನ ಮಕ್ಕಳಿಗೆಂದು ಇರುವ ಯೋಜನೆ. ಮಾತ್ರೆ ಎಲ್ಲರಿಗೂ ಗೊತ್ತು, ಕ್ಲಿನಿಕ್ ಗೊತ್ತಿರುವವರು ಅಪರೂಪ.

ನಾನು ಮೊದಲ ಸಲ ಹೋದದ್ದು ನಮ್ಮಕ್ಕನ ಮಗಳ ಜೊತೆ. ಅವಳಿಗೆ ಹನ್ನೊಂದು ತುಂಬಿತ್ತು, ಇನ್ನೂ ಮುಟ್ಟಾಗಿರಲಿಲ್ಲ. ಎಡಗಡೆ ಮೊಲೆತೊಟ್ಟಿನ ಹಿಂದೆ ಬಟನ್ ಗಾತ್ರದ ಗಟ್ಟಿ ಗಂಟು. ಬಲಗಡೆ ಏನೂ ಇಲ್ಲ. ಸ್ಕೂಲ್ ಬ್ಯಾಗಿನ ಪಟ್ಟಿ ತಾಗಿದರೆ ಮುಖ ಹಿಂಡುತ್ತಿದ್ದಳು. ಅಕ್ಕನ ಅತ್ತೆಮನೆ ಕಡೆ ಒಬ್ಬರು ಹೋದ ವರ್ಷವಷ್ಟೇ ಎದೆಯ ಕ್ಯಾನ್ಸರಿನಿಂದ ತೀರಿಕೊಂಡಿದ್ದರು. ಹಾಗಾಗಿ ಮನೆಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು, ಗಡ್ಡೆ. ಒಬ್ಬರು ಹರಳೆಣ್ಣೆ ಹಚ್ಚಿ ತಿಕ್ಕಿ ಅಂದರು. ಇನ್ನೊಬ್ಬರು ಬೇವಿನೆಲೆ ಅರೆದು ಕಟ್ಟಿ ಅಂದರು. ಪಟ್ಟಣದ ಕಡೆಯ ಒಬ್ಬ ನೆಂಟರು, "ಸಣ್ಣದಿರುವಾಗಲೇ ಆಪರೇಷನ್ ಮಾಡಿಸಿ ತೆಗೆಸಿಬಿಡಿ, ಯಾಕೆ ಬಿಡ್ತೀರಿ" ಎಂದು ಫೋನಿನಲ್ಲೇ ತೀರ್ಪು ಕೊಟ್ಟರು. ಮಗು ಊಟ ಬಿಟ್ಟಿತ್ತು. ನಮ್ಮ ಬೀದಿಯ ಆಶಾ ಕಾರ್ಯಕರ್ತೆ ನನ್ನ ಅಂಗಡಿಗೆ ಬ್ಲೌಸ್ ಕೊಡಲು ಬಂದಾಗ ಮಾತಿಗೆ ಮಾತು ಬಂದು, "ನಮ್ಮ ಆಸ್ಪತ್ರೇಲೇ ಸ್ನೇಹ ಕ್ಲಿನಿಕ್ ಐತಲ್ಲ, ಕರ್ಕೊಂಡು ಹೋಗ್ರಿ" ಅಂದರು.

ಹೊರರೋಗಿ ಚೀಟಿಗೆ ಕೊಟ್ಟ ಚಿಲ್ಲರೆ ಬಿಟ್ಟರೆ ಖರ್ಚೇನೂ ಆಗಲಿಲ್ಲ. ಚೀಟಿ ಕೌಂಟರಿನ ಸಾಲು ಮಾತ್ರ ಎಲ್ಲ ಸರ್ಕಾರಿ ಆಸ್ಪತ್ರೆಯ ಸಾಲಿನಂತೆಯೇ ಇತ್ತು. ಕೌಂಟರಿನವರು ಜೋರು ದನಿಯಲ್ಲಿ "ಏನು ತೊಂದರೆ?" ಎಂದಾಗ ಮಗು ನನ್ನ ಸೀರೆ ಸೆರಗು ಹಿಡಿದುಕೊಂಡಳು. ನಾನು "ಸ್ನೇಹ ಕ್ಲಿನಿಕ್ ಕೌನ್ಸೆಲರ್ ಹತ್ರ ಹೋಗ್ಬೇಕು" ಅಂದೆ. ಅಷ್ಟಕ್ಕೇ ಚೀಟಿ ಬರೆದುಕೊಟ್ಟರು, ಮುಂದಿನ ಪ್ರಶ್ನೆ ಬರಲಿಲ್ಲ. ಹೋಗುವವರು ಇದನ್ನು ನೆನಪಿಡಿ. ಸಾಲಿನಲ್ಲಿ ನಿಂತು ಎದೆ, ಗಂಟು ಎಂದೆಲ್ಲ ಹೇಳುವ ಅಗತ್ಯವೇ ಇಲ್ಲ.

ಕೌನ್ಸೆಲರ್ ಮೇಡಂ ಮೂವತ್ತರ ಆಸುಪಾಸಿನವರು. ನಮ್ಮಿಬ್ಬರನ್ನೂ ಕೂರಿಸಿ, ಮೊದಲ ಪ್ರಶ್ನೆಯನ್ನು ಮಗುವಿಗೇ ಕೇಳಿದರು. ಅಕ್ಕ ಅಲ್ಲಿದ್ದಿದ್ದರೆ ಉತ್ತರ ತಾನೇ ಕೊಟ್ಟಿರುತ್ತಿದ್ದಳು. ನನಗೂ ಬಾಯಿ ತನಕ ಬಂದಿತ್ತು. ಮೇಡಂ ನನ್ನ ಕಡೆ ತಿರುಗಿ, "ಅಮ್ಮಾ, ಐದು ನಿಮಿಷ ಹೊರಗೆ ಕೂರ್ತೀರಾ? ಇವಳ ಹತ್ರ ನಾನೊಬ್ಬಳೇ ಮಾತಾಡ್ತೀನಿ. ಆಮೇಲೆ ನಿಮ್ಮನ್ನ ಕರೀತೀನಿ" ಅಂದರು. ಇದು ಈ ಸೇವೆಯ ಅತಿ ದೊಡ್ಡ ಗುಣ ಎಂದು ನನ್ನ ಅಭಿಪ್ರಾಯ. ಹೊರಗೆ ಕೂತಾಗ ಕೆಲವು ತಾಯಂದಿರಿಗೆ ಸಿಟ್ಟು ಬರಬಹುದು. ಬರುವುದು ಬೇಡ. ಮಗು ಒಬ್ಬಳೇ ಇದ್ದಾಗ ಕೇಳಿದ ಪ್ರಶ್ನೆಗಳನ್ನು ಆಮೇಲೆ ಅವಳೇ ನನಗೆ ಹೇಳಿದಳು: ಯಾವಾಗಿನಿಂದ ನೋವು, ಪೆಟ್ಟು ಬಿದ್ದಿತ್ತಾ, ಯಾರಾದರೂ ಗಂಟನ್ನು ಹಿಂಡಿ ನೋಡಿದರಾ, ಯಾವುದಾದರೂ ಮಾತ್ರೆ ತಗೋತೀಯಾ, ಯಾರಾದರೂ ನಿನಗೆ ಇಷ್ಟವಿಲ್ಲದ ಹಾಗೆ ಮುಟ್ಟಿದ್ದಾರಾ, ಇದರ ಬಗ್ಗೆ ನಿನಗೆ ಏನು ಭಯ. ಹೇಳಿದ ಮಾತು ಕೋಣೆಯಿಂದ ಹೊರಗೆ ಹೋಗುವುದಿಲ್ಲ, ಆದರೆ ಯಾರಾದರೂ ಹಿಂಸೆ ಕೊಡುತ್ತಿದ್ದರೆ ಮಾತ್ರ ನಾನು ಸುಮ್ಮನಿರುವ ಹಾಗಿಲ್ಲ ಎಂದೂ ಮೊದಲೇ ಹೇಳಿದರಂತೆ. ಅದು ಸರಿ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ 2012ರ ಪೋಕ್ಸೋ ಕಾಯ್ದೆ ಪ್ರಕಾರ ಅಂಥದ್ದು ಗೊತ್ತಾದವರು ತಿಳಿಸಲೇಬೇಕು. ಮಗುವಿಗೆ ಅದನ್ನು ಮುಚ್ಚಿಡದೆ ಹೇಳಿದ್ದು ನನಗೆ ಮೆಚ್ಚುಗೆಯಾಯಿತು.

ಏನು ಭಯ ಎಂಬ ಆ ಕೊನೆಯ ಪ್ರಶ್ನೆಗೆ ಅವಳು ಕೊಟ್ಟ ಉತ್ತರ, "ನಾನು ಸಾಯ್ತೀನಾ?"

ಆಮೇಲೆ ಡಾಕ್ಟರ್ ಮೇಡಂ ಬಂದರು. ಪರದೆ ಎಳೆದರು, ನರ್ಸ್ ಜೊತೆಗಿದ್ದರು. ಏನು ಮಾಡುತ್ತೇನೆ ಅಂತ ಮೊದಲು ಹೇಳಿ, ಒಪ್ಪಿಗೆಯಾ ಎಂದು ಮಗುವನ್ನು ಕೇಳಿ, ನಾನಿರಬೇಕಾ ಬೇಡವಾ ಎಂದೂ ಅವಳನ್ನೇ ಕೇಳಿದರು. ಇರಲಿ ಅಂದಳು. ನೋಡಿದ್ದು ಸ್ವಲ್ಪವೇ ಹೊತ್ತು. ಮಾತಾಡಿದ್ದು ಅದಕ್ಕಿಂತ ಜಾಸ್ತಿ.

ಅವರು ಹೇಳಿದ್ದನ್ನು ನನಗೆ ನೆನಪಿದ್ದಷ್ಟು ಬರೆಯುತ್ತೇನೆ, ಇದು ಎಲ್ಲ ಮನೆಗೂ ಬೇಕಾದ ಮಾತು. ಹೆಣ್ಣುಮಕ್ಕಳಿಗೆ ಎದೆ ಬೆಳೆಯಲು ಶುರುವಾಗುವುದು 8ರಿಂದ 13 ವರ್ಷದೊಳಗೆ. ಶುರುವಾಗುವುದೇ ಹೀಗೆ, ಮೊಲೆತೊಟ್ಟಿನ ಕೆಳಗೆ ಒಂದು ಗಟ್ಟಿ ಮೊಗ್ಗಿನಂತೆ. ಮುಟ್ಟಿದರೆ ನೋಯುತ್ತದೆ. ಎಷ್ಟೋ ಮಕ್ಕಳಿಗೆ ಒಂದೇ ಕಡೆ ಮೊದಲು ಬಂದು, ಇನ್ನೊಂದು ಕಡೆ ಕೆಲವು ತಿಂಗಳು ತಡವಾಗಿ ಬರುತ್ತದೆ. ಅಂಡಾಶಯದಿಂದ ಬರುವ ಈಸ್ಟ್ರೋಜನ್ ಹಾರ್ಮೋನಿನ ಕೆಲಸ ಅದು, ರೋಗವಲ್ಲ. ಇದು ಶುರುವಾಗಿ ಸುಮಾರು ಎರಡು, ಎರಡೂವರೆ ವರ್ಷಕ್ಕೆ ಮುಟ್ಟು ಬರುತ್ತದೆ. ಅಂದರೆ ಮನೆಯವರು ಈಗಲೇ ಅವಳಿಗೆ ಮುಟ್ಟಿನ ವಿಷಯ ಹೇಳಿಕೊಡಲು ಶುರು ಮಾಡಬೇಕು.

ಆಪರೇಷನ್ ಮಾತು ನಾನೇ ಎತ್ತಿದೆ. ಡಾಕ್ಟರ್ ಮೇಡಂ ಮುಖ ಗಂಭೀರವಾಯಿತು. ಆ ಮೊಗ್ಗೇ ಮುಂದೆ ಪೂರ್ತಿ ಸ್ತನವಾಗಿ ಬೆಳೆಯಬೇಕಾದದ್ದು. ಗಂಟು ಎಂದುಕೊಂಡು ಅದನ್ನು ಕೊಯ್ದು ತೆಗೆದರೆ ಆ ಕಡೆ ಎದೆ ಬೆಳೆಯುವುದೇ ಇಲ್ಲ. ಸೂಜಿ ಚುಚ್ಚಿ ಪರೀಕ್ಷೆ ಮಾಡುವುದಕ್ಕೂ ಈ ವಯಸ್ಸಿನಲ್ಲಿ ತುಂಬ ಯೋಚನೆ ಮಾಡುತ್ತೇವೆ ಅಂದರು. ತಿಕ್ಕುವುದು, ಹಿಂಡಿ ನೋಡುವುದು, ಬಿಸಿ ಎಣ್ಣೆ, ಯಾವುದೂ ಬೇಡ. ನೋವು ಜಾಸ್ತಿಯಾದರೆ ತಣ್ಣೀರಿನ ಬಟ್ಟೆ, ಮೆತ್ತನೆಯ ಹತ್ತಿ ಶಿಮೀಸು ಸಾಕು. ಮಗುವಿನ ಪ್ರಶ್ನೆಗೂ ನೇರ ಉತ್ತರ ಕೊಟ್ಟರು: "ನಿನ್ನ ವಯಸ್ಸಿನ ಮಕ್ಕಳಲ್ಲಿ ಸ್ತನ ಕ್ಯಾನ್ಸರ್ ಅನ್ನೋದು ಅಪರೂಪದಲ್ಲಿ ಅಪರೂಪ ಪುಟ್ಟಾ. ನೀನು ಬೆಳೀತಿದೀಯ ಅಷ್ಟೆ." ಅವತ್ತು ವಾಪಸ್ ಬರುವಾಗ ಬಸ್ ಸ್ಟ್ಯಾಂಡಿನಲ್ಲಿ ಎರಡು ಪ್ಲೇಟ್ ಮಿರ್ಚಿ ಮಂಡಕ್ಕಿ ತಿಂದಳು. ಬಲಗಡೆಯ ಮೊಗ್ಗು ಮಳೆಗಾಲ ಮುಗಿಯುವಷ್ಟರಲ್ಲಿ ಬಂತು.

ಒಂದು ಮಗುವಿಗೆ ಚೆನ್ನಾಗಿ ಆಯಿತೆಂದು ಒಂದು ಸೇವೆಯನ್ನು ಹೊಗಳಬಾರದು. ಆಮೇಲೆ ನಾನು ಬೇರೆ ಮಕ್ಕಳನ್ನೂ ಕಳಿಸಿದ್ದೇನೆ, ಅವರ ಮನೆಯವರಿಗೆ ಹೇಳಿ. ಅದರಲ್ಲಿ ಎರಡು ಕತೆ ಹೇಳಲು ಒಪ್ಪಿಗೆ ಸಿಕ್ಕಿದೆ.

ಒಬ್ಬಳು ಪಿಯುಸಿ ಹುಡುಗಿ. ಅವಳದು ಮೊಗ್ಗಲ್ಲ, ನಿಜವಾದ ಗಂಟು. ಗೋಲಿಯಂತೆ ನುಣುಪು, ಬೆರಳಿಟ್ಟರೆ ಅತ್ತಿತ್ತ ಜಾರುತ್ತದೆ, ನೋವಿಲ್ಲ. ತಿಂಗಳುಗಟ್ಟಲೆ ಮನೆಯಲ್ಲಿ ಹೇಳದೆ ರಾತ್ರಿ ರಾತ್ರಿ ಮೊಬೈಲಿನಲ್ಲಿ ಹುಡುಕಿ ಹುಡುಕಿ ಕಣ್ಣು ಊದಿಸಿಕೊಂಡಿದ್ದಳು. ಸ್ನೇಹ ಕ್ಲಿನಿಕ್‌ನಿಂದ ಸರ್ಜನ್ ಹತ್ತಿರ ಕಳಿಸಿದರು, ಅವರು ಅಲ್ಟ್ರಾಸೌಂಡ್ ಸ್ಕ್ಯಾನಿಂಗ್ ಬರೆದುಕೊಟ್ಟರು. ಹದಿವಯಸ್ಸಿನಲ್ಲಿ ಎದೆಯ ಅಂಗಾಂಶ ದಟ್ಟವಾಗಿರುತ್ತದೆ, ಮ್ಯಾಮೊಗ್ರಾಂನಲ್ಲಿ ಸರಿಯಾಗಿ ಕಾಣುವುದಿಲ್ಲ, ಅದಕ್ಕೇ ಸ್ಕ್ಯಾನಿಂಗ್. ಬಂದ ಉತ್ತರ ಫೈಬ್ರೋಅಡಿನೋಮಾ. ಈ ವಯಸ್ಸಿನ ಹುಡುಗಿಯರಲ್ಲಿ ಹೆಚ್ಚಾಗಿ ಕಾಣುವ ಗಂಟು ಇದೇ, ಕ್ಯಾನ್ಸರ್ ಅಲ್ಲ. ಸಣ್ಣದಿದ್ದರೆ ತೆಗೆಯುವ ಆತುರವಿಲ್ಲ. ಕೆಲವು ತಿಂಗಳಿಗೊಮ್ಮೆ ತೋರಿಸುತ್ತಿರಬೇಕು. ಬೇಗ ಬೇಗ ಬೆಳೆದರೆ, ಐದು ಸೆಂಟಿಮೀಟರ್ ದಾಟಿದರೆ ಆಗ ತೆಗೆಯುವ ಮಾತು. ಈ ಹುಡುಗಿಯ ತಾಯಿಗೆ ದೊಡ್ಡ ಚಿಂತೆ ಇದ್ದದ್ದು, "ಮದುವೆ ಟೈಮಲ್ಲಿ ಗೊತ್ತಾದ್ರೆ? ಮುಂದೆ ಮಗುವಿಗೆ ಹಾಲು ಕೊಡೋಕಾಗುತ್ತಾ?" ಕೌನ್ಸೆಲರ್ ಆ ತಾಯಿಯನ್ನೇ ಬೇರೆ ಕೂರಿಸಿಕೊಂಡು ಸಮಾಧಾನ ಹೇಳಿದರಂತೆ. ಹಾಲು ಕೊಡಲು ಇಂಥ ಗಂಟು ಸಾಮಾನ್ಯವಾಗಿ ಅಡ್ಡಿಯಾಗುವುದಿಲ್ಲ.

ಇನ್ನೊಬ್ಬ ಹುಡುಗ. ಹೌದು, ಹುಡುಗ. ನನ್ನ ಅಂಗಡಿಯಲ್ಲಿ ಕಾಜಾ ಗುಂಡಿ ಹಾಕುವ ಹೆಂಗಸಿನ ಮಗ, ಒಂಬತ್ತನೇ ಕ್ಲಾಸು. ಬೇಸಿಗೆಯಲ್ಲೂ ಎರಡು ಬನಿಯನ್ ಹಾಕಿಕೊಳ್ಳುತ್ತಿದ್ದ. ಕಬಡ್ಡಿ ಬಿಟ್ಟ, ಕೆರೆಗೆ ಈಜಲು ಹೋಗುವುದು ಬಿಟ್ಟ. ಜೊತೆಯ ಹುಡುಗರು ಒಂದು ಹೆಸರಿಟ್ಟು ಕರೆಯುತ್ತಿದ್ದರು, ಅದನ್ನು ಇಲ್ಲಿ ಬರೆಯುವುದಿಲ್ಲ. ಅವನ ತಾಯಿ ನನ್ನ ಹತ್ತಿರ ಕೇಳಿದ್ದು, "ಅಕ್ಕಾ, ಬಿಗಿಯಾಗಿ ಒಂದು ಬನಿಯನ್ ಹೊಲಿದುಕೊಡ್ತೀಯಾ?" ಕ್ಲಿನಿಕ್‌ನಲ್ಲಿ ಗೊತ್ತಾದದ್ದೇನೆಂದರೆ ಗಂಡುಮಕ್ಕಳಿಗೂ 13, 14ರ ಸುಮಾರಿಗೆ ಹಾರ್ಮೋನಿನ ಏರುಪೇರಿನಿಂದ ಮೊಲೆತೊಟ್ಟಿನ ಹಿಂದೆ ಗಟ್ಟಿಯಾಗಿ ಊದಿಕೊಳ್ಳುವುದು ಬಹಳ ಸಾಮಾನ್ಯ. ಹತ್ತಿರ ಹತ್ತಿರ ಅರ್ಧದಷ್ಟು ಹುಡುಗರಿಗೆ ಸ್ವಲ್ಪವಾದರೂ ಆಗುತ್ತದೆ. ಗೈನಕೊಮಾಸ್ಟಿಯಾ ಎನ್ನುತ್ತಾರೆ. ಹೆಚ್ಚಿನವರಿಗೆ ಆರು ತಿಂಗಳಿಂದ ಎರಡು ವರ್ಷದೊಳಗೆ ತಾನೇ ಇಳಿಯುತ್ತದೆ. ಇಳಿಯದಿದ್ದರೆ, ದೊಡ್ಡದಾಗುತ್ತಲೇ ಹೋದರೆ, ಅಥವಾ ಜಿಮ್ಮಿನಲ್ಲಿ ಯಾರೋ ಕೊಟ್ಟ ಸ್ಟೀರಾಯ್ಡ್, ಇನ್ಯಾವುದೋ ಮಾತ್ರೆ ತೆಗೆದುಕೊಂಡಿದ್ದರೆ ಡಾಕ್ಟರಿಗೆ ಹೇಳಲೇಬೇಕು. ಹುಡುಗ ಇನ್ನೂ ಎರಡು ಬನಿಯನ್ ಬಿಟ್ಟಿಲ್ಲ. ಆದರೆ ಕಬಡ್ಡಿಗೆ ವಾಪಸ್ ಹೋಗಿದ್ದಾನೆ.

ಈಗ ಕೊರತೆಗಳು. ಇವನ್ನು ಹೇಳದಿದ್ದರೆ ಹೊಗಳಿದ್ದಕ್ಕೂ ಬೆಲೆಯಿಲ್ಲ.

ಬೋರ್ಡು ಎಲ್ಲೋ ಮೂಲೆಯಲ್ಲಿದೆ, ಬಣ್ಣ ಮಾಸಿದೆ. ಮೊದಲ ಸಲ ಹೋದಾಗ ನಾವು ಲಸಿಕೆ ಕೋಣೆ, ಇಂಜೆಕ್ಷನ್ ಕೋಣೆ ಎಲ್ಲ ಸುತ್ತಿ ಬಂದೆವು. ಕ್ಲಿನಿಕ್ ಇರುವುದು ಎಚ್‌ಐವಿ ಪರೀಕ್ಷೆ ಮಾಡುವ ಕೋಣೆಯ ಪಕ್ಕದಲ್ಲಿ, ಕಾರಿಡಾರ್ ಒಂದೇ, ಬೆಂಚೂ ಒಂದೇ. ಆ ಪರೀಕ್ಷೆಗೆ ಬರುವವರಿಗೆ ನಾಚಿಕೆಪಡುವಂಥದ್ದೇನೂ ಇಲ್ಲ ಎಂದು ನಾನು ನಂಬಿದವಳು, ಆದರೆ ಊರಿನ ಕಣ್ಣು ಹಾಗೆ ನಂಬುವುದಿಲ್ಲವಲ್ಲ. ಹದಿನೈದರ ಹುಡುಗಿ ಆ ಬೆಂಚಿನ ಮೇಲೆ ಕೂರಲು ಹಿಂಜರಿದರೆ ಅದು ಅವಳ ತಪ್ಪಲ್ಲ. ಬಾಗಿಲನ್ನು ಇನ್ನೊಂದು ಕಡೆ ಇಟ್ಟರೆ ಇಬ್ಬರಿಗೂ ಒಳ್ಳೆಯದು.

ಸಮಯ ಇನ್ನೊಂದು ತೊಡಕು. ಮಕ್ಕಳ ಕ್ಲಿನಿಕ್ ನಡೆಯುವುದು ಮಕ್ಕಳು ಶಾಲೆಯಲ್ಲಿರುವ ಹೊತ್ತಿನಲ್ಲಿ. ರಜೆ ಹಾಕಿದರೆ ಕ್ಲಾಸ್ ಟೀಚರಿಗೆ ಕಾರಣ ಹೇಳಬೇಕು, ಮತ್ತೆ ಅದೇ ಸಂಕೋಚ. ಸಂಜೆ ನಾಲ್ಕೂವರೆ ಮೇಲೆ ವಾರಕ್ಕೊಂದು ದಿನವಾದರೂ ಇಟ್ಟರೆ ಬರುವ ಮಕ್ಕಳು ಎಷ್ಟೋ ಜಾಸ್ತಿಯಾಗುತ್ತಾರೆ. ಸ್ಕ್ಯಾನಿಂಗ್ ಮಾಡುವ ಡಾಕ್ಟರ್ ದಿನಾ ಇರುವುದಿಲ್ಲ, ಪಿಯುಸಿ ಹುಡುಗಿ ಜಿಲ್ಲಾಸ್ಪತ್ರೆಗೇ ಹೋಗಬೇಕಾಯಿತು. ಅವರಪ್ಪನಿಗೆ ಒಂದು ದಿನದ ಕೂಲಿ ಹೋಯಿತು. ಕೌನ್ಸೆಲರ್ ಒಬ್ಬರೇ, ಅವರು ಶಾಲೆ ಭೇಟಿಗೆ ಹೋದ ದಿನ ಕೋಣೆಗೆ ಬೀಗ. ಹುಡುಗರಿಗೆ ಮಾತಾಡಲು ಗಂಡಸು ಕೌನ್ಸೆಲರ್ ಇಲ್ಲ. ನಮ್ಮ ಕಾಜಾ ಹುಡುಗ ಮೊದಲ ಸಲ ಬಾಯೇ ಬಿಡದೆ ಎದ್ದು ಬಂದಿದ್ದ. ಎರಡನೇ ಸಲ ಮೇಡಂ ಅವನ ಕೈಗೆ ಪೇಪರ್ ಪೆನ್ನು ಕೊಟ್ಟು ಬರಿ ಅಂದಾಗ ಬರೆದನಂತೆ. ಅಂಥ ಉಪಾಯವಿರುವ ಕೌನ್ಸೆಲರ್ ಸಿಕ್ಕಿದ್ದು ನಮ್ಮ ಪುಣ್ಯ, ಬೇರೆ ಊರಲ್ಲಿ ಹೇಗೋ.

ಗೋಡೆಯ ಮೇಲೆ ರಕ್ತಹೀನತೆ, ಮುಟ್ಟಿನ ಶುಚಿತ್ವ, ಬಾಲ್ಯವಿವಾಹದ ಚಿತ್ರಪಟಗಳಿವೆ. ಎದೆಯ ಬೆಳವಣಿಗೆಯ ಬಗ್ಗೆ ಒಂದೇ ಒಂದು ಇಲ್ಲ. ಹುಡುಗಿಯರಿಗೆ ಮೊದಲು ಹೆದರಿಕೆಯಾಗುವುದೇ ಅಲ್ಲಿ, ಮುಟ್ಟು ಬರುವುದಕ್ಕೂ ಮುಂಚೆ. ಯಾವಾಗ ಸುಮ್ಮನಿರಬೇಕು, ಯಾವಾಗ ಬರಬೇಕು ಎಂದು ಒಂದು ಹಾಳೆಯಲ್ಲಿ ಅಚ್ಚು ಹಾಕಿ ಕೊಟ್ಟರೆ ನನ್ನ ಅಂಗಡಿಯ ಕನ್ನಡಿ ಪಕ್ಕವೇ ಅಂಟಿಸುತ್ತಿದ್ದೆ. ಕೇಳಿದೆ, ಇಲ್ಲ ಅಂದರು. ಹಾಗಾಗಿ ಡಾಕ್ಟರ್ ಮೇಡಂ ಹೇಳಿದ್ದನ್ನು ನಾನೇ ಒಂದು ಕಾರ್ಡ್‌ಬೋರ್ಡಿನ ಮೇಲೆ ಬರೆದು, ಅವರಿಗೊಮ್ಮೆ ತೋರಿಸಿ, ಅಳತೆ ತೆಗೆಯುವ ಪರದೆಯ ಒಳಗೆ ತೂಗುಹಾಕಿದ್ದೇನೆ. ಅದರಲ್ಲಿರುವುದು ಇಷ್ಟು.

ಒಂದು ಕಡೆ ಸ್ವಲ್ಪ ದೊಡ್ಡದು, ಒಂದು ಕಡೆ ಸಣ್ಣದು ಇರುವುದು ಸಾಮಾನ್ಯ. ಬೆಳವಣಿಗೆ ಮುಗಿಯುವ ಹೊತ್ತಿಗೆ ಹೆಚ್ಚಾಗಿ ಸಮಕ್ಕೆ ಬರುತ್ತದೆ, ಪೂರ್ತಿ ಬರದಿದ್ದರೂ ರೋಗವಲ್ಲ. ಮುಟ್ಟಿಗೆ ನಾಲ್ಕು ದಿನ ಮುಂಚೆ ಭಾರ, ನೋವು, ಅಲ್ಲಲ್ಲಿ ಗಂಟು ಗಂಟಾದಂತೆ ಅನಿಸಿ ಮುಟ್ಟಾದ ಮೇಲೆ ಇಳಿದರೆ ಅದೂ ಸಾಮಾನ್ಯ. ಚರ್ಮ ಹಿಗ್ಗಿದ ಗೆರೆ, ತೊಟ್ಟಿನ ಸುತ್ತ ಒಂದೆರಡು ಕೂದಲು, ಸಣ್ಣ ಸಣ್ಣ ಬೊಕ್ಕೆಯಂಥವು, ಮೊದಲಿನಿಂದಲೂ ಒಳಗೆ ಸೇರಿರುವ ತೊಟ್ಟು, ಇವುಗಳಿಗೆ ಹೆದರಬೇಡಿ.

ಆದರೆ ಮುಟ್ಟು ಮುಗಿದ ಮೇಲೂ ಉಳಿದುಕೊಂಡ ಗಂಟು, ಬೆಳೆಯುತ್ತಿರುವ ಅಥವಾ ಕಲ್ಲಿನಂತೆ ಗಟ್ಟಿಯಾಗಿ ಅಲುಗದ ಗಂಟು, ತೊಟ್ಟಿನಿಂದ ರಕ್ತ, ಕೀವು ಅಥವಾ ಬಸುರಿ ಬಾಣಂತಿ ಅಲ್ಲದಿದ್ದರೂ ಹಾಲಿನಂಥ ಸ್ರಾವ, ಹೊಸದಾಗಿ ಒಳಗೆ ಎಳೆದುಕೊಂಡ ತೊಟ್ಟು, ಚರ್ಮ ಕುಳಿಬಿದ್ದಂತೆ ಆಗುವುದು, ಕಂಕುಳಲ್ಲಿ ಗಂಟು, ಇವುಗಳಲ್ಲಿ ಒಂದು ಕಂಡರೂ ತೋರಿಸಿ. ಕೆಂಪಗೆ ಊದಿ, ಬಿಸಿಯಾಗಿ, ಜ್ವರ ಬಂದರೆ ಅದೇ ದಿನ ತೋರಿಸಿ. ಅದು ಕೀವು ಕಟ್ಟುವ ಸೋಂಕು, ಹಿಂಡಬಾರದು. 8 ವರ್ಷಕ್ಕಿಂತ ಮೊದಲೇ ಎದೆ ಬೆಳೆದರೆ, 13 ದಾಟಿದರೂ ಶುರುವಾಗದಿದ್ದರೆ, 15 ಆದರೂ ಮುಟ್ಟು ಬಾರದಿದ್ದರೆ ಡಾಕ್ಟರನ್ನು ಕಾಣಿ.

ಬಟ್ಟೆಯ ವಿಷಯಕ್ಕೆ ಕೊನೆಗೆ ನನ್ನದೇ ಎರಡು ಸಾಲು ಸೇರಿಸಿದ್ದೇನೆ. ಕಪ್ಪು ಬ್ರಾ ಹಾಕಿದರೆ, ರಾತ್ರಿ ಹಾಕಿ ಮಲಗಿದರೆ ಕ್ಯಾನ್ಸರ್ ಬರುತ್ತದೆ ಎನ್ನುವುದು ಸುಳ್ಳು. ಬೇಕೆನಿಸಿದಾಗ ಹಾಕಿ, ಬೇಡವೆನಿಸಿದಾಗ ಬಿಡಿ. ಎದೆ ದೊಡ್ಡದು ಮಾಡುತ್ತೇವೆ, ಸಣ್ಣದು ಮಾಡುತ್ತೇವೆ ಎನ್ನುವ ಕ್ರೀಮು, ಎಣ್ಣೆಗೆ ದುಡ್ಡು ಹಾಕಬೇಡಿ. ಅಕ್ಕನ ಹಳೆಯ ಬ್ರಾ ಪಿನ್ನು ಹಾಕಿ ಬಿಗಿ ಮಾಡಿಕೊಳ್ಳುವ ಹುಡುಗಿಯರನ್ನು ನಾನು ದಿನಾ ನೋಡುತ್ತೇನೆ. ಭುಜದಲ್ಲಿ ಕೆಂಪು ಬರೆ ಎದ್ದಿರುತ್ತದೆ. ಅಳತೆ ನಾನು ಪುಕ್ಕಟೆ ತೆಗೆದುಕೊಡುತ್ತೇನೆ, ಆ ಅಳತೆಗೆ ಸರಿಯಾದ ಹತ್ತಿಯದ್ದನ್ನು ಯಾವ ಅಂಗಡಿಯಲ್ಲಾದರೂ ಕೊಳ್ಳಿ. ಓಡುವ, ಆಡುವ ಮಕ್ಕಳಿಗೆ ಸ್ಪೋರ್ಟ್ಸ್ ಬ್ರಾ ಒಂದಿರಲಿ, ಓಡುವಾಗಿನ ನೋವು ಎಷ್ಟೋ ಕಡಿಮೆಯಾಗುತ್ತದೆ.

ಐದಕ್ಕೆ ಎಷ್ಟು ಕೊಡುತ್ತೀರಿ ಎಂದರೆ ಒಳಗೆ ಸಿಕ್ಕ ಮಾತಿಗೆ, ಗೌರವಕ್ಕೆ ಐದಕ್ಕೆ ಐದು. ಆ ಬಾಗಿಲ ತನಕ ತಲುಪುವುದಕ್ಕೆ ಎರಡು. ನಿಮ್ಮೂರಿನಲ್ಲಿ ಎಲ್ಲಿದೆ, ಯಾವ ದಿನ ತೆರೆದಿರುತ್ತದೆ ಎಂದು ಆಶಾ ಕಾರ್ಯಕರ್ತೆಯನ್ನು ಮೊದಲೇ ಕೇಳಿಕೊಂಡು ಹೋಗಿ, ಇಲ್ಲವೇ 104 ಆರೋಗ್ಯ ಸಹಾಯವಾಣಿಗೆ ಫೋನ್ ಮಾಡಿ. ಮುಟ್ಟಾಗಿರುವ ಮಗುವಾದರೆ ಕೊನೆಯ ಮುಟ್ಟಿನ ತಾರೀಕು ಬರೆದುಕೊಂಡಿರಿ, ಅದನ್ನು ಕೇಳಿಯೇ ಕೇಳುತ್ತಾರೆ. ಮುಂದೆ ಗುಂಡಿಯಿರುವ ಸಡಿಲ ಟಾಪ್ ಹಾಕಿ ಕರೆದುಕೊಂಡು ಹೋಗಿ, ಮಗುವಿಗೆ ಮುಜುಗರ ಕಡಿಮೆ. ಕೌನ್ಸೆಲರ್ ಹೊರಗೆ ಕೂರಿ ಎಂದಾಗ ತಕರಾರು ಮಾಡದೆ ಎದ್ದು ಹೋಗಿ ಕೂರಿ.